ಗಂಟೆಗೆ 2 ಡಾಲರ್ 13 ಸೆಂಟ್: ಉಳಿದದ್ದನ್ನು ಯಾರು ಕೊಡಬೇಕು?

ಪ್ರಶ್ನೆ: ನಾನು ಶಿವಮೊಗ್ಗದವಳು. ಡಲ್ಲಾಸ್ ಹತ್ತಿರ ಇರುವ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಿದ್ದೇನೆ. ಕಳೆದ ವಾರ ಊಟಕ್ಕೆ ಹೋದಾಗ ಬಿಲ್ಲಿನ ಜೊತೆ ಒಂದು ಪುಟ್ಟ ಯಂತ್ರ ತಂದಿಟ್ಟರು. ಅದರಲ್ಲಿ 18, 20, 22 ಎಂದು ಮೂರು ಗುಂಡಿಗಳು. ಮಗ 20 ಪ್ರತಿಶತ ಒತ್ತಿ, "ಇವರಿಗೆ ಗಂಟೆಗೆ ಎರಡು ಡಾಲರ್ ಅಷ್ಟೇ ಸಂಬಳ ಅಮ್ಮ, ಟಿಪ್ಸ್ ಮೇಲೆಯೇ ಬದುಕಬೇಕು" ಎಂದ. ನನಗೆ ನಂಬಲಾಗಲಿಲ್ಲ. ನನ್ನ ತಂದೆ ದುರ್ಗಿಗುಡಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಸಪ್ಲೈಯರ್‌ಗಳಿಗೆ ಸಂಬಳ, ಎರಡು ಹೊತ್ತು ಊಟ, ಮಲಗಲು ಅಟ್ಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಇಷ್ಟು ಶ್ರೀಮಂತ ದೇಶದಲ್ಲಿ ಇಂಥ ಸಂಬಳ ನಿಜವೇ? ಕನಿಷ್ಠ ವೇತನ ಹೆಚ್ಚಿಸಿದರೆ ಹೋಟೆಲುಗಳು ಮುಚ್ಚುತ್ತವೆ, ಸರ್ವರ್‌ಗಳಿಗೇ ಅದು ಬೇಡ ಎಂದು ಸೊಸೆ ಹೇಳುತ್ತಾಳೆ. ಅದೂ ನಿಜವೇ? ಕೊನೆಗೆ ನಾವು ಟಿಪ್ಸ್ ಕೊಡಬೇಕೋ ಬೇಡವೋ?

ಉತ್ತರ: ಅಮ್ಮ, ನಿಮ್ಮ ಮಗ ಹೇಳಿದ್ದು ನಿಜ. ನಿಮ್ಮ ಸೊಸೆ ಹೇಳಿದ್ದರಲ್ಲಿಯೂ ಅರ್ಧ ನಿಜವಿದೆ. ನಾನು ಹದಿನೇಳು ವರ್ಷ ಟೆಕ್ಸಾಸ್‌ನಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಹೋಟೆಲುಗಳ ಸಂಬಳದ ಲೆಕ್ಕ ಬರೆದವನು. ಹಾಗಾಗಿ ಅಭಿಪ್ರಾಯ ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಂತೆ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈನಿಂದ ಈ ಅಂಕಿ ಕದಲಿಲ್ಲ. ಆದರೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸ್ ಬರುವ ಕೆಲಸದಲ್ಲಿರುವವರಿಗೆ ಮಾಲೀಕರು ತಮ್ಮ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಉಳಿದ 5.12 ಡಾಲರನ್ನು ಗಿರಾಕಿಗಳ ಟಿಪ್ಸ್ ತುಂಬುತ್ತದೆ ಎಂದು ಕಾನೂನು ಎಣಿಸುತ್ತದೆ. ಇದಕ್ಕೆ ಇಲ್ಲಿ ಟಿಪ್ ಕ್ರೆಡಿಟ್ ಎನ್ನುತ್ತಾರೆ. ಟಿಪ್ಸ್ ಅಷ್ಟು ಬರದಿದ್ದರೆ ಕೊರತೆಯನ್ನು ಮಾಲೀಕರು ತುಂಬಿಕೊಡಬೇಕು. ಟೆಕ್ಸಾಸ್, ಜಾರ್ಜಿಯಾ, ಉತ್ತರ ಕೆರೊಲಿನಾ ಮೊದಲಾದ ರಾಜ್ಯಗಳಲ್ಲಿ ನಡೆಯುವುದು ಇದೇ ಅಂಕಿಗಳು. ಟೆಕ್ಸಾಸ್‌ನಲ್ಲಿ ಇನ್ನೊಂದು ಕಟ್ಟೂ ಇದೆ: ಡಲ್ಲಾಸ್ ನಗರಸಭೆ ಬಯಸಿದರೂ ಖಾಸಗಿ ಉದ್ಯೋಗಗಳಿಗೆ ತನ್ನದೇ ಹೆಚ್ಚಿನ ಕನಿಷ್ಠ ವೇತನವನ್ನು ಗೊತ್ತುಮಾಡುವಂತಿಲ್ಲ. ರಾಜ್ಯದ ಕಾನೂನು ಅದನ್ನು ತಡೆದಿದೆ.

ಇದೇ ದೇಶದ ಇನ್ನೊಂದು ತುದಿಗೆ ಹೋಗಿ ನೋಡಿ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯ, ಒರೆಗಾನ್, ನೆವಾಡಾ, ಮಿನ್ನೆಸೋಟ, ಮೊಂಟಾನಾ, ಅಲಾಸ್ಕಾ, ಈ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಎಂಬುದೇ ಇಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ 16.50 ಡಾಲರ್. ಅಷ್ಟನ್ನೂ ಮಾಲೀಕರೇ ಕೊಡಬೇಕು, ಟಿಪ್ಸ್ ಅದರ ಮೇಲೆ. ಅಲ್ಲಿ ಮಸಾಲೆ ದೋಸೆ ತಂದಿಟ್ಟ ಹುಡುಗನಿಗೂ ಡಲ್ಲಾಸ್‌ನಲ್ಲಿ ಅದೇ ದೋಸೆ ತಂದಿಟ್ಟ ಹುಡುಗನಿಗೂ ನಡುವೆ ಇರುವುದು ಇಷ್ಟು ಅಂತರ. ನಮ್ಮವರು ಬಹಳ ಮಂದಿ ಇರುವ ನ್ಯೂಜೆರ್ಸಿ ನಡುವೆ ಎಲ್ಲೋ ನಿಂತಿದೆ. 2025ರಲ್ಲಿ ಅಲ್ಲಿನ ಕನಿಷ್ಠ ವೇತನ 15.49, ಅದರಲ್ಲಿ ಮಾಲೀಕರ ಕೈಯಿಂದ ಬರಬೇಕಾದದ್ದು 5.62.

ಈಗ 2.13ರ ಲೆಕ್ಕವನ್ನು ಒಂದು ವಾರದ ಮಟ್ಟಿಗೆ ಬಿಡಿಸಿ ನೋಡೋಣ. ಒಬ್ಬ ಹೆಂಗಸು ವಾರಕ್ಕೆ 30 ಗಂಟೆ ದುಡಿಯುತ್ತಾಳೆ ಎಂದಿಟ್ಟುಕೊಳ್ಳಿ. ಸೋಮವಾರ, ಮಂಗಳವಾರ ಮಧ್ಯಾಹ್ನದ ಪಾಳಿ, ಒಟ್ಟು 10 ಗಂಟೆ. ಗಿರಾಕಿಗಳು ವಿರಳ, ಬಂದ ಟಿಪ್ಸ್ 22 ಡಾಲರ್. ಶುಕ್ರವಾರ, ಶನಿವಾರದ ರಾತ್ರಿ ಮತ್ತು ಭಾನುವಾರ ಸೇರಿ 20 ಗಂಟೆ, ಟಿಪ್ಸ್ 240 ಡಾಲರ್. ಮಾಲೀಕರು ಕೊಡುವುದು 30 ಗಂಟೆಗೆ 63.90 ಡಾಲರ್. ಎಲ್ಲ ಕೂಡಿದರೆ 325.90. ಗಂಟೆಗೆ ಸರಾಸರಿ 10.86. ಕಾನೂನು ಇಡೀ ವಾರವನ್ನು ಒಟ್ಟಿಗೆ ತೂಗುವುದರಿಂದ ಎಲ್ಲವೂ ಸರಿಯಾಗಿದೆ, ಮಾಲೀಕರು ಒಂದು ಸೆಂಟನ್ನೂ ತುಂಬಿಕೊಡಬೇಕಿಲ್ಲ. ಆದರೆ ಸೋಮವಾರ, ಮಂಗಳವಾರ ಆಕೆ ದುಡಿದದ್ದು ಗಂಟೆಗೆ 4.33ಕ್ಕೆ. ಆ ಹತ್ತು ಗಂಟೆಗಳಲ್ಲಿ ಆಕೆ ಸುಮ್ಮನೆ ಕುಳಿತಿರಲಿಲ್ಲ. ಚಮಚ, ಮುಳ್ಳುಚಮಚಗಳನ್ನು ಬಟ್ಟೆಯ ಕರವಸ್ತ್ರದಲ್ಲಿ ಸುತ್ತಿ ಸುತ್ತಿ ಇನ್ನೂರು ಕಟ್ಟು ಮಾಡಿಟ್ಟಳು, ಸಾಸ್ ಬಾಟಲಿಗಳನ್ನು ತುಂಬಿದಳು, ಮೇಜುಗಳ ಕಾಲು ಒರೆಸಿದಳು. ಈ ಕೆಲಸಕ್ಕೆ ಟಿಪ್ಸ್ ಕೊಡುವ ಗಿರಾಕಿ ಯಾರೂ ಇಲ್ಲ. ಶುಕ್ರವಾರ ರಾತ್ರಿ ನಿಮ್ಮ ಮಗನಂಥವರು ಒತ್ತಿದ 20 ಪ್ರತಿಶತ, ಮಾಲೀಕರು ಕೊಡಬೇಕಿದ್ದ ಸೋಮವಾರದ ಕೂಲಿಯನ್ನು ಕಟ್ಟಿತು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಟಿಪ್ ಕ್ರೆಡಿಟ್ ಇರುವ ಕಡೆ ನೀವು ಕೊಡುವ ಟಿಪ್ಸ್‌ನಲ್ಲಿ ಗಂಟೆಗೆ ಮೊದಲ 5.12 ಡಾಲರ್ ಹೋಗುವುದು ಸರ್ವರ್‌ನ ಕೈಗೇ, ಆದರೆ ಅದರಿಂದ ಹಗುರಾಗುವುದು ಮಾಲೀಕರ ಸಂಬಳದ ಖಾತೆ. ನೀವು ಇನಾಮು ಎಂದುಕೊಂಡು ಕೊಡುತ್ತೀರಿ, ಕಾನೂನು ಅದನ್ನು ಸಂಬಳ ಎಂದು ಬರೆದುಕೊಳ್ಳುತ್ತದೆ. ನಮ್ಮಲ್ಲಿ ಟಿಪ್ಸ್ ಎಂದರೆ ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿ. ಇಲ್ಲಿ ಅನ್ನವನ್ನೇ ಗಿರಾಕಿ ಬಡಿಸಬೇಕಾಗಿದೆ.

ಕೊರತೆ ತುಂಬಿಕೊಡುವ ನಿಯಮ ಇದೆಯಲ್ಲ ಎಂದು ನೀವು ಕೇಳಬಹುದು. ಕಾಗದದ ಮೇಲೆ ಇದೆ. ಹದಿನೇಳು ವರ್ಷಗಳಲ್ಲಿ ನಾನು ಆ ಕಾಲಮ್ಮಿನಲ್ಲಿ ಅಂಕಿ ತುಂಬಿದ್ದು ಬೆರಳೆಣಿಕೆಯಷ್ಟು ಸಲ. ಟಿಪ್ಸ್ ಕಡಿಮೆ ಬಂತೆಂದು ಬರೆದರೆ, ನಿನಗೆ ಗಿರಾಕಿಗಳನ್ನು ನೋಡಿಕೊಳ್ಳಲು ಬರುವುದಿಲ್ಲ ಎಂಬ ಮಾತು ಬರುತ್ತದೆ, ಮುಂದಿನ ವಾರದ ಪಟ್ಟಿಯಲ್ಲಿ ಶನಿವಾರ ರಾತ್ರಿ ಮಾಯವಾಗುತ್ತದೆ. ಆ ಭಯಕ್ಕೆ, ಬಾರದ ಟಿಪ್ಸನ್ನು ಬಂದಿದೆ ಎಂದು ತಾವಾಗಿ ಬರೆದವರನ್ನು ನಾನು ನೋಡಿದ್ದೇನೆ. ಬಾರದ ಹಣದ ಮೇಲೆ ತೆರಿಗೆಯನ್ನೂ ಕಟ್ಟಿದರು.

ಇನ್ನು ಓವರ್‌ಟೈಮ್. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೊಡಬೇಕು. ಯಾವುದರ ಒಂದೂವರೆ ಪಟ್ಟು ಎಂಬಲ್ಲಿ ತಪ್ಪು ಕೂತಿರುತ್ತದೆ. ಬಹಳ ಕಡೆ 2.13ನ್ನು ಒಂದೂವರೆಯಿಂದ ಗುಣಿಸಿ 3.20 ಕೊಡುತ್ತಾರೆ. ಸರಿಯಾದ ಲೆಕ್ಕ ಹಾಗಲ್ಲ. 7.25ರ ಒಂದೂವರೆ ಪಟ್ಟು 10.875. ಅದರಿಂದ 5.12 ಕಳೆದರೆ 5.755, ಅಂದರೆ 5.76 ಡಾಲರ್. ನಾನು ಹೊಸದಾಗಿ ಸೇರಿದ ಒಂದು ಹೋಟೆಲಿನಲ್ಲಿ ಹಳೆಯ ಪುಸ್ತಕ ತಿರುವುವಾಗ ಈ ತಪ್ಪು ಕಣ್ಣಿಗೆ ಬಿತ್ತು. ಒಬ್ಬಾಕೆ ವಾರಕ್ಕೆ ಆರು ಗಂಟೆ ಹೆಚ್ಚಿಗೆ ದುಡಿಯುತ್ತಿದ್ದಳು. ವಾರಕ್ಕೆ 15 ಡಾಲರ್ ಚಿಲ್ಲರೆ ಕಡಿಮೆ ಬರುತ್ತಿತ್ತು. ವರ್ಷಕ್ಕೆ ಸುಮಾರು 800. ಮಾಲೀಕರು ಕೆಟ್ಟವರಾಗಿರಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಎರಡು ವರ್ಷದ ಬಾಕಿಯನ್ನು ಲೆಕ್ಕ ಹಾಕಿ ಕೊಟ್ಟರು. ಚೆಕ್ ಕೈಗೆ ಬಂದಾಗ ಆಕೆ ಅದನ್ನು ಎರಡು ಸಲ ಓದಿ, ಮಡಚಿ, ಏಪ್ರನ್‌ನ ಒಳಜೇಬಿಗೆ ಹಾಕಿಕೊಂಡು ಮತ್ತೆ ಮೇಜು ಒರೆಸಲು ಹೋದಳು. ಕಾನೂನು ಇಷ್ಟು ತೊಡಕಾಗಿದ್ದರೆ ತಪ್ಪಿನ ಹೊರೆ ಯಾವಾಗಲೂ ಕೆಳಗಿನವರ ಮೇಲೆಯೇ ಬೀಳುತ್ತದೆ ಎಂಬುದು ನನಗೆ ಅವತ್ತು ಅರ್ಥವಾಯಿತು.

ಈ ವ್ಯವಸ್ಥೆ ಬಂದದ್ದು ಹೇಗೆ ಎಂಬುದನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಅಮೆರಿಕದ ಅಂತರ್ಯುದ್ಧದ ನಂತರ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಹೋಟೆಲುಗಳು, ರೈಲು ಕಂಪನಿಗಳು ಅತಿ ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಉಳಿದದ್ದನ್ನು ಪ್ರಯಾಣಿಕರಿಂದ ಪಡೆಯಿರಿ ಎಂದವು. ಪುಲ್ಮನ್ ಕಂಪನಿಯ ಮಲಗುವ ಬೋಗಿಗಳ ಪೋರ್ಟರ್‌ಗಳು ಇದರ ಪ್ರಸಿದ್ಧ ಉದಾಹರಣೆ. ಅವರು ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ 1925ರಲ್ಲಿ ಸಂಘ ಕಟ್ಟಿದರು, ಕಂಪನಿಯ ಜೊತೆ ಒಪ್ಪಂದ ಆಗಲು 1937ರವರೆಗೆ ಕಾಯಬೇಕಾಯಿತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರಲ್ಲಿ ಕನಿಷ್ಠ ವೇತನದ ಕಾನೂನಿಗೆ ಸಹಿ ಹಾಕಿದರು, ಅದರ ಹಿಂದೆ ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಅವರ ದುಡಿಮೆ ಇತ್ತು. ಆಗ ಗೊತ್ತುಮಾಡಿದ್ದು ಗಂಟೆಗೆ 25 ಸೆಂಟ್. ಆದರೆ ಹೊಲದ ಕೆಲಸದವರು, ಮನೆಗೆಲಸದವರು, ಹೋಟೆಲಿನವರು ಅದರ ಹೊರಗೇ ಉಳಿದರು. 1966ರ ತಿದ್ದುಪಡಿ ಹೋಟೆಲು ಕೆಲಸಗಾರರನ್ನು ಒಳಗೆ ತಂದಿತು, ಆದರೆ ವೇತನದ ಅರ್ಧವನ್ನು ಟಿಪ್ಸ್‌ನಿಂದ ತುಂಬಿಸಬಹುದು ಎಂಬ ಕಿಂಡಿಯನ್ನೂ ಜೊತೆಗೇ ತೆರೆದಿಟ್ಟಿತು.

ಅರ್ಧ ಎಂಬ ಆ ನಂಟು ಇದ್ದಿದ್ದರೂ ಒಂದು ಮಾತಾಗಿತ್ತು. 1991ರಲ್ಲಿ ಕನಿಷ್ಠ ವೇತನ 4.25 ಆದಾಗ ಅದರ ಅರ್ಧ 2.13 ಆಯಿತು. 1996ರಲ್ಲಿ ಸಂಸತ್ತು ಕನಿಷ್ಠ ವೇತನವನ್ನು ಎರಡು ಕಂತಿನಲ್ಲಿ 5.15ಕ್ಕೆ ಏರಿಸಿತು, ಅದೇ ಕಾನೂನಿನಲ್ಲಿ ಟಿಪ್ಸ್ ಕೆಲಸಗಾರರ ನಂಟನ್ನು ಕತ್ತರಿಸಿ 2.13ನ್ನು ಅಲ್ಲೇ ಕಟ್ಟಿಹಾಕಿತು. ಆವತ್ತಿನಿಂದ ಇವತ್ತಿನವರೆಗೆ ಅದು ಹಾಗೆಯೇ ಇದೆ. 1991ರಿಂದ ಈಚೆಗೆ ಇಲ್ಲಿನ ಬೆಲೆಗಳು ದುಪ್ಪಟ್ಟಿಗಿಂತ ಹೆಚ್ಚಾಗಿವೆ. 2009ರ 7.25ರಲ್ಲಿಯೂ ಮೂರನೇ ಒಂದು ಭಾಗದಷ್ಟು ಕೊಳ್ಳುವ ಶಕ್ತಿ ಕರಗಿಹೋಗಿದೆ.

ನಮ್ಮ ನೆಲದಿಂದ ಇವರು ಕಲಿಯಬಹುದಾದ ಒಂದು ಸಂಗತಿ ಇಲ್ಲಿದೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆಗೆ ಬದಲಾಗುವ ತುಟ್ಟಿಭತ್ಯೆ ಇದೆ. ಬೆಲೆ ಸೂಚ್ಯಂಕ ಏರಿದಂತೆ ಪ್ರತಿ ವರ್ಷ ಏಪ್ರಿಲ್ 1ರಿಂದ ಅದೂ ಏರುತ್ತದೆ. ಮೊತ್ತ ಸಾಲದು ಎಂಬ ಜಗಳ ಬೇರೆ, ಅದು ನ್ಯಾಯವಾದ ಜಗಳ. ಆದರೆ ಏರಿಕೆಗೆ ಪ್ರತಿ ಸಲವೂ ಹೊಸ ಕಾನೂನು ಬೇಕಿಲ್ಲ. 1957ರಲ್ಲಿಯೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನವನ್ನು ಕುಟುಂಬದ ಊಟದ ಕ್ಯಾಲೊರಿ, ವರ್ಷಕ್ಕೆ ಬೇಕಾದ ಬಟ್ಟೆಯ ಗಜ, ಮನೆ ಬಾಡಿಗೆ ಇವುಗಳಿಂದ ಎಣಿಸಬೇಕು ಎಂದಿತ್ತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಂಥ ಅಳತೆಗೋಲೇ ಇಲ್ಲ. ಸಂಸತ್ತಿಗೆ ಮನಸ್ಸು ಬಂದಾಗ ಏರಿಕೆ, ಬಾರದಿದ್ದರೆ ಇಲ್ಲ. 2019ರಲ್ಲಿ 15 ಡಾಲರಿನ ಮಸೂದೆ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಟಿಪ್ಸ್ ಕೆಲಸಗಾರರ ಪ್ರತ್ಯೇಕ ದರವನ್ನು ಹಂತಹಂತವಾಗಿ ತೆಗೆಯುವ ಮಾತು ಅದರಲ್ಲಿತ್ತು. 2021ರಲ್ಲಿ ಇನ್ನೊಂದು ಯತ್ನ ನಡೆದು ಅದೂ ಸಾಗಲಿಲ್ಲ.

ಈಗ ನಿಮ್ಮ ಸೊಸೆಯ ಮಾತಿಗೆ ಬರುತ್ತೇನೆ. ವೇತನ ಏರಿಸಿದರೆ ಹೋಟೆಲು ಮುಚ್ಚುತ್ತದೆಯೇ?

ಇದರ ಮೇಲೆ ಅರ್ಥಶಾಸ್ತ್ರಜ್ಞರು ಮೂವತ್ತು ವರ್ಷಗಳಿಂದ ಕಿತ್ತಾಡುತ್ತಿದ್ದಾರೆ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು 4.25ರಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಯ ಮುಂಚೆಯೂ ಆಮೇಲೂ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸಗಳು ಕಡಿಮೆಯಾಗಿರಲಿಲ್ಲ. ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಎಂಬ ಪಾಠ ಓದಿದವರಿಗೆ ಇದು ದೊಡ್ಡ ಆಘಾತ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಸಂಬಳ ಪುಸ್ತಕಗಳನ್ನು ಹಿಡಿದು ಇದನ್ನು ಬಲವಾಗಿ ಪ್ರಶ್ನಿಸಿದರು. ವಾದ ಮುಗಿಯಲಿಲ್ಲ, ಆದರೆ ಮುಂದಿನ ಸಂಶೋಧನೆಯ ದಾರಿಯೇ ಬದಲಾಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ರಾಜ್ಯಗಳ 138 ವೇತನ ಏರಿಕೆಗಳನ್ನು ನೋಡಿ, ಕಡಿಮೆ ಸಂಬಳದ ಕೆಲಸಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು ಎಂದಿತು.

ಹಾಗೆ ಏಕೆ ಆಗುತ್ತದೆ ಎಂಬುದು ಹೋಟೆಲಿನಲ್ಲಿ ಬೆಳೆದ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನುರಿತ ಸಪ್ಲೈಯರ್ ಒಬ್ಬ ಹೇಳದೆ ಕೇಳದೆ ಪಕ್ಕದ ಹೋಟೆಲು ಸೇರಿದರೆ ನಿಮ್ಮ ತಂದೆಗೆ ಎಷ್ಟು ದಿನ ತೊಂದರೆಯಾಗುತ್ತಿತ್ತು, ನೆನಪು ಮಾಡಿಕೊಳ್ಳಿ. ಸಂಬಳ ಒಳ್ಳೆಯದಿದ್ದರೆ ಜನ ನಿಲ್ಲುತ್ತಾರೆ. ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಉಳಿಯುತ್ತದೆ. ಕೆಲಸಗಾರರಿಗೆ ಬೇರೆ ದಾರಿ ಕಡಿಮೆ ಇರುವ ಊರುಗಳಲ್ಲಿ ಮಾಲೀಕರು ದುಡಿಮೆಯ ಬೆಲೆಗಿಂತ ಕಡಿಮೆ ಕೂಲಿ ಕೊಟ್ಟೂ ನಡೆಸಬಲ್ಲರು. ಅಲ್ಲಿ ಏರಿಕೆಯ ಮೊದಲ ಭಾಗ ಬರುವುದು ಅವರ ಲಾಭದಿಂದ. ಉಳಿದದ್ದು ಮೆನುವಿನ ಬೆಲೆಯಲ್ಲಿ ಕೂಡಿಕೊಳ್ಳುತ್ತದೆ.

ಎಷ್ಟು ಕೂಡಿಕೊಳ್ಳುತ್ತದೆ? ಶುಕ್ರವಾರ ರಾತ್ರಿ ಒಬ್ಬ ಸರ್ವರ್ ಗಂಟೆಗೆ 60 ಡಾಲರಿನ ನಾಲ್ಕು ಬಿಲ್ಲು ಮುಗಿಸಿದರೆ ವ್ಯಾಪಾರ 240 ಡಾಲರ್. ಮಾಲೀಕರ ಪಾಲಿನ ಸಂಬಳ 2.13ರಿಂದ 7.25ಕ್ಕೆ ಏರಿದರೆ ಹೆಚ್ಚಿದ್ದು 5.12, ಅಂದರೆ ವ್ಯಾಪಾರದ ನೂರಕ್ಕೆ ಎರಡು ಪಾಲು. 15 ಡಾಲರಿನ ದೋಸೆಗೆ ಸುಮಾರು 32 ಸೆಂಟ್. ನೇರವಾಗಿ 15 ಡಾಲರ್ ಸಂಬಳಕ್ಕೆ ಏರಿಸಿದರೂ ದೋಸೆಗೆ 80 ಸೆಂಟ್. ಇದನ್ನು ಗಿರಾಕಿ ತಾಳಿಕೊಳ್ಳುತ್ತಾನೆ.

ಆದರೆ ಅದೇ ಲೆಕ್ಕವನ್ನು ಸೋಮವಾರ ಮಧ್ಯಾಹ್ನಕ್ಕೆ ಹಾಕಿ. ಗಂಟೆಗೆ 40 ಡಾಲರಿನ ಎರಡು ಬಿಲ್ಲು, ವ್ಯಾಪಾರ 80 ಡಾಲರ್. 15ಕ್ಕೆ ಏರಿಸಿದಾಗ ಹೆಚ್ಚುವ 12.87 ಅದರಲ್ಲಿ ನೂರಕ್ಕೆ ಹದಿನಾರು. ಇಲ್ಲಿ ಸಣ್ಣ ಹೋಟೆಲಿನವರ ಎದೆ ಹೊಡೆದುಕೊಳ್ಳುವುದು ಸುಳ್ಳಲ್ಲ. ಅವರು ಬಾಗಿಲು ಮುಚ್ಚುವುದಕ್ಕಿಂತ ಮೊದಲು ಮಾಡುವುದು ಪಾಳಿ ಕಡಿತ: ಇಬ್ಬರ ಜಾಗದಲ್ಲಿ ಒಬ್ಬರು, ಸೋಮವಾರ ರಜೆ, ಮಧ್ಯಾಹ್ನ ಮೂರರಿಂದ ಐದರವರೆಗೆ ಬಂದ್. ಸಿಯಾಟಲ್ ನಗರ 2014ರಲ್ಲಿ 15 ಡಾಲರಿನ ಕಾನೂನು ಮಾಡಿತು. 2016ರಲ್ಲಿ ದರ 13ಕ್ಕೆ ಏರಿದಾಗ ಕಡಿಮೆ ಸಂಬಳದವರ ದುಡಿಮೆಯ ಗಂಟೆಗಳು ಸುಮಾರು 9 ಪ್ರತಿಶತ ಇಳಿದವು ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹೇಳಿತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ತಂಡ ಹೋಟೆಲು ಉದ್ಯಮವನ್ನಷ್ಟೇ ನೋಡಿ, ಕೆಲಸಗಳು ಕಡಿಮೆಯಾಗಿಲ್ಲ ಎಂದಿತು. ಮೊದಲ ತಂಡ ಮರುವರ್ಷ ಇನ್ನಷ್ಟು ಅಗೆದು ನೋಡಿದಾಗ, ಅನುಭವ ಇದ್ದವರಿಗೆ ಏರಿಕೆಯಿಂದ ಲಾಭವಾಗಿತ್ತು, ಹೊಸದಾಗಿ ಸೇರುವವರಿಗೆ ಬಾಗಿಲು ಕಿರಿದಾಗಿತ್ತು. ಸಂಸತ್ತಿನ ಬಜೆಟ್ ಕಚೇರಿ 2021ರಲ್ಲಿ, ದೇಶವಿಡೀ 15 ಡಾಲರ್ ಮಾಡಿದರೆ 1.7 ಕೋಟಿ ಜನರ ಕೂಲಿ ಏರುತ್ತದೆ, 9 ಲಕ್ಷ ಜನ ಬಡತನದಿಂದ ಮೇಲೆ ಬರುತ್ತಾರೆ, 14 ಲಕ್ಷ ಕೆಲಸಗಳು ಹೋಗಬಹುದು ಎಂದು ಅಂದಾಜು ಮಾಡಿತು. ಈ ಕೊನೆಯ ಅಂಕಿಯನ್ನು ಮುಚ್ಚಿಟ್ಟು ವಾದ ಮಾಡುವವರ ಜೊತೆ ನಾನಿಲ್ಲ. ಅದರಿಂದಲೇ ಏರಿಕೆ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು, ಮಿಸಿಸಿಪ್ಪಿಯ ಹಳ್ಳಿಗೂ ಸಿಯಾಟಲ್‌ಗೂ ಒಂದೇ ದಿನ ಒಂದೇ ದರ ಹೇರಬಾರದು ಎನ್ನುತ್ತೇನೆ.

ಸರ್ವರ್‌ಗಳಿಗೇ ಬೇಡ ಎಂಬ ಮಾತು? ಅದಕ್ಕೆ ಸಾಕ್ಷಿ ಇದೆ. ಮೇನ್ ರಾಜ್ಯದಲ್ಲಿ 2016ರಲ್ಲಿ ಮತದಾರರು ಟಿಪ್ ಕ್ರೆಡಿಟ್ ತೆಗೆಯಲು ಒಪ್ಪಿದರು. ಮರುವರ್ಷ ಸರ್ವರ್‌ಗಳೇ ಶಾಸಕರ ಮುಂದೆ ನಿಂತು ನಮಗೆ ಹಳೆಯದೇ ಇರಲಿ ಎಂದರು, ಶಾಸನಸಭೆ ಅದನ್ನು ಮರಳಿ ತಂದಿತು. 2024ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ಮತದಾರರು ಇಂಥದ್ದೇ ಪ್ರಸ್ತಾಪವನ್ನು ದೊಡ್ಡ ಅಂತರದಲ್ಲಿ ತಿರಸ್ಕರಿಸಿದರು. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಕಥೆ ಇನ್ನೂ ಜಗ್ಗಾಟದ್ದು: 2018ರಲ್ಲಿ ಮತದಾರರು ಒಪ್ಪಿದ್ದನ್ನು ನಗರಸಭೆ ಅದೇ ವರ್ಷ ರದ್ದು ಮಾಡಿತು, 2022ರಲ್ಲಿ ಮತದಾರರು ಮತ್ತೆ ಒಪ್ಪಿದರು, 2025ರಲ್ಲಿ ನಗರಸಭೆ ಮತ್ತೆ ಅದಕ್ಕೆ ಕಡಿವಾಣ ಹಾಕಿತು. ಮಿಷಿಗನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಕೆಲಸಗಾರರ ಪರ ತೀರ್ಪು ಕೊಟ್ಟಿತು, ಅದು ಪೂರ್ತಿ ಜಾರಿಯಾಗುವ ಮುನ್ನವೇ 2025ರ ಫೆಬ್ರವರಿಯಲ್ಲಿ ಶಾಸನಸಭೆ ರಾಜಿ ಕಾನೂನು ತಂದು ಟಿಪ್ಸ್ ಕೆಲಸಗಾರರ ದರವನ್ನು 2031ರ ಹೊತ್ತಿಗೆ ಕನಿಷ್ಠ ವೇತನದ ಅರ್ಧಕ್ಕೆ ನಿಲ್ಲಿಸಿತು.

ಬೇಡ ಎನ್ನುವ ಸರ್ವರ್‌ಗಳು ಸುಳ್ಳು ಹೇಳುತ್ತಿಲ್ಲ. ದುಬಾರಿ ಹೋಟೆಲಿನ ಶನಿವಾರ ರಾತ್ರಿಯ ಪಾಳಿಯಲ್ಲಿ ಗಂಟೆಗೆ 40 ಡಾಲರ್ ಗಳಿಸುವವರಿದ್ದಾರೆ. ಸಂಬಳ ಏರಿ, ಮೆನು ಬೆಲೆ ಏರಿ, ಜನ ಟಿಪ್ಸ್ ಇಳಿಸಿದರೆ ನಮ್ಮ ಗತಿಯೇನು ಎಂಬುದು ಅವರ ಭಯ. ಶಾಸಕರ ಮುಂದೆ ಬಂದು ಮಾತನಾಡಲು ಬಿಡುವೂ ಧೈರ್ಯವೂ ಇರುವುದು ಹೆಚ್ಚಾಗಿ ಅವರಿಗೇ. ಹೆದ್ದಾರಿ ಬದಿಯ ತಿಂಡಿ ಹೋಟೆಲಿನಲ್ಲಿ ಬೆಳಗಿನ ಐದಕ್ಕೆ ಕಾಫಿ ಸುರಿಯುವ, 9 ಡಾಲರಿನ ಬಿಲ್ಲಿಗೆ ಒಂದೂವರೆ ಡಾಲರ್ ಟಿಪ್ಸ್ ಪಡೆಯುವ ಹೆಂಗಸು ಅಲ್ಲಿಗೆ ಬರುವುದಿಲ್ಲ. ಏಳು ರಾಜ್ಯಗಳ ಅನುಭವ ನೋಡಿದರೆ ಭಯ ಪೂರ್ತಿ ನಿಜವಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಾನು ಲೆಕ್ಕ ಬರೆದ ಹೋಟೆಲುಗಳಲ್ಲಿ ಜನ ಟಿಪ್ಸ್ ಕೊಡುವುದನ್ನು ನಿಲ್ಲಿಸಿರಲಿಲ್ಲ.

ಹಣಕ್ಕಿಂತ ದೊಡ್ಡದೊಂದು ಇದೆ. ಸಂಬಳ ಗಿರಾಕಿಯ ಮನಸ್ಸಿನ ಮೇಲೆ ನಿಂತಿದ್ದರೆ, ಗಿರಾಕಿ ಕೈ ಹಿಡಿದೆಳೆದರೂ ನಗಬೇಕಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಟಿಪ್ಸ್ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದವರು. ಸೇವೆಯ ಗುಣಕ್ಕೂ ಟಿಪ್ಸ್ ಮೊತ್ತಕ್ಕೂ ಇರುವ ನಂಟು ಬಹಳ ತೆಳು ಎಂದು ಅವರು ತೋರಿಸಿದ್ದಾರೆ. ಕಪ್ಪು ಸರ್ವರ್‌ಗಳಿಗೆ ಕಡಿಮೆ ಬೀಳುವುದನ್ನೂ ತೋರಿಸಿದ್ದಾರೆ. ಹಾಗಿರುವಾಗ ಒಳ್ಳೆಯ ಸೇವೆಗೆ ಪ್ರತಿಫಲ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಭಾರತೀಯ ಮೂಲದ ವಕೀಲೆ ಸರು ಜಯರಾಮನ್ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇದೇ ಮಾತನ್ನು ಹೇಳುತ್ತಾ ಬಂದಿದ್ದಾರೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಕುಸಿದ ಅವಳಿ ಗೋಪುರದ ತುದಿಯಲ್ಲಿದ್ದ ಹೋಟೆಲಿನಿಂದ ಕೆಲಸ ಕಳೆದುಕೊಂಡವರ ಜೊತೆ ಅವರ ಹೋರಾಟ ಶುರುವಾಯಿತು.

2025ರ ಜುಲೈನಲ್ಲಿ ಟಿಪ್ಸ್ ಮೇಲೆ ತೆರಿಗೆ ಇಲ್ಲ ಎಂಬ ಕಾನೂನು ಬಂತಲ್ಲ ಎಂದು ಮಗ ಹೇಳಬಹುದು. 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸನ್ನು ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಒಳ್ಳೆಯದೇ, ಆದರೆ ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆಯೇ ಇಲ್ಲದವರಿಗೆ ಅದರಿಂದ ಏನೂ ಸಿಗದು. ಪಿಂಚಣಿ ಮತ್ತು ವೃದ್ಧರ ವೈದ್ಯಕೀಯ ವಿಮೆಗೆ ಕಟ್ಟುವ 7.65 ಪ್ರತಿಶತ ಹಾಗೆಯೇ ಇದೆ. ಮೇಲೆ ಹೇಳಿದ ಹೆಂಗಸಿನ 325.90ರ ಮೇಲೆ ಅದು ಸುಮಾರು 25 ಡಾಲರ್, ಮುರಿಯುವುದು ಮಾಲೀಕರು ಕೊಡುವ 63.90ರಲ್ಲಿಯೇ. ಟಿಪ್ಸ್ ಚೆನ್ನಾಗಿ ಬಂದ ವಾರ ತೆರಿಗೆಗಳೆಲ್ಲ ಮುರಿದು ಸಂಬಳದ ಚೀಟಿಯ ಕೊನೆಯಲ್ಲಿ 0.00 ಎಂದು ಅಚ್ಚಾಗುತ್ತದೆ. ಅಂಥ ಚೀಟಿಗಳನ್ನು ನಾನು ನೂರಾರು ಸಂಖ್ಯೆಯಲ್ಲಿ ಲಕೋಟೆಗೆ ಹಾಕಿದ್ದೇನೆ.

ಅಡುಗೆಮನೆಯವರನ್ನು ಮರೆಯಬಾರದು. ಪಾತ್ರೆ ತೊಳೆಯುವವರು, ಈರುಳ್ಳಿ ಹೆಚ್ಚುವವರು ಗಂಟೆ ಲೆಕ್ಕದ ಕೂಲಿಯವರು, ಅವರ ಕಡೆ ಟಿಪ್ಸ್ ಹರಿಯುವುದಿಲ್ಲ. 2018ರ ತಿದ್ದುಪಡಿಯ ನಂತರ, ಟಿಪ್ ಕ್ರೆಡಿಟ್ ಪಡೆಯದೆ ಎಲ್ಲರಿಗೂ ಪೂರ್ತಿ ಕನಿಷ್ಠ ವೇತನ ಕೊಡುವ ಮಾಲೀಕರು ಅಡುಗೆಯವರನ್ನೂ ಟಿಪ್ಸ್ ಹಂಚಿಕೆಯಲ್ಲಿ ಸೇರಿಸಬಹುದು. ಕ್ರೆಡಿಟ್ ಪಡೆಯುವವರು ಸೇರಿಸುವಂತಿಲ್ಲ. ಎರಡೂ ಸಂದರ್ಭದಲ್ಲಿ ಮಾಲೀಕರಾಗಲಿ ಮ್ಯಾನೇಜರ್‌ಗಳಾಗಲಿ ಆ ಹಣದಲ್ಲಿ ಪಾಲು ಕೇಳುವಂತಿಲ್ಲ. ಪ್ರತ್ಯೇಕ ದರ ಹೋದರೆ ಸಾಂಬಾರು ಮಾಡಿದವರಿಗೂ ಪಾಲು ಸಿಗುವ ದಾರಿ ತೆರೆಯುತ್ತದೆ. ಈ ಒಂದು ಕಾರಣಕ್ಕಾದರೂ ಅದು ಹೋಗಬೇಕು ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ತಂದೆಯ ಹೋಟೆಲಿನ ಊಟ, ಅಟ್ಟದ ವಿಷಯ ಕೇಳಿ ಸಂತೋಷವಾಯಿತು. ಇಲ್ಲಿನ ಕಾನೂನು ಊಟ, ವಸತಿಯ ನಿಜವಾದ ಖರ್ಚನ್ನು ಸಂಬಳದ ಭಾಗವೆಂದು ಎಣಿಸಲು ಬಿಡುತ್ತದೆ, ಅದಕ್ಕೆ ಸರಿಯಾದ ಲೆಕ್ಕ ಇಡಬೇಕು. ಇಲ್ಲಿನ ಕೆಲವು ಭಾರತೀಯ ಹೋಟೆಲುಗಳು ಲೆಕ್ಕವಿಲ್ಲದೆ, ಊಟ ಹಾಕಿದೆವಲ್ಲ ಎಂದು ಕೈತೊಳೆದುಕೊಳ್ಳುತ್ತವೆ. ಓದಲು ಬಂದ ನಮ್ಮ ಹುಡುಗರು ಇಂಥ ಕಡೆ ನಗದು ಕೂಲಿಗೆ ಸೇರುವುದುಂಟು. ವಿದ್ಯಾರ್ಥಿ ವೀಸಾದವರು ಅನುಮತಿ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ದುಡಿದರೆ ವೀಸಾಕ್ಕೆ ಕುತ್ತು, ಅದನ್ನು ಮಾಡಲೇಬಾರದು. ಆದರೆ ವೀಸಾ ಏನೇ ಇರಲಿ, ದುಡಿದ ಗಂಟೆಗೆ ಕನಿಷ್ಠ ವೇತನ ಕೊಡಬೇಕಾದದ್ದು ಮಾಲೀಕರ ಹೊಣೆ. ಬಾಕಿ ಕೂಲಿಗಾಗಿ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ಉಚಿತವಾಗಿ ದೂರು ಕೊಡಬಹುದು. ಸಾಮಾನ್ಯವಾಗಿ ಎರಡು ವರ್ಷದ ಬಾಕಿ, ಬೇಕೆಂದೇ ತಪ್ಪಿಸಿದ್ದರೆ ಮೂರು ವರ್ಷದ್ದು ಕೇಳಬಹುದು.

ಕೊನೆಯ ಪ್ರಶ್ನೆ, ಟಿಪ್ಸ್ ಕೊಡಬೇಕೋ ಬೇಡವೋ. ಟೆಕ್ಸಾಸ್‌ನಲ್ಲಿ ಮೇಜಿನ ಬಳಿ ಬಂದು ಬಡಿಸುವ ಹೋಟೆಲಿನಲ್ಲಿ ದಯವಿಟ್ಟು ಕೊಡಿ, 18ರಿಂದ 20 ಪ್ರತಿಶತ, ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ. ವ್ಯವಸ್ಥೆ ಸರಿಯಿಲ್ಲ ಎಂದು ಕೊಡದೆ ಬಂದರೆ ಏಟು ಬೀಳುವುದು ವ್ಯವಸ್ಥೆಯ ಮೇಲಲ್ಲ, ಆ ಹುಡುಗಿಯ ಮೇಲೆ. ಕೌಂಟರಿನಲ್ಲಿ ನಿಂತು ನೀವೇ ಕಾಫಿ ತೆಗೆದುಕೊಳ್ಳುವ ಕಡೆ ಸಾಮಾನ್ಯವಾಗಿ ಪೂರ್ತಿ ಕನಿಷ್ಠ ವೇತನ ಇರುತ್ತದೆ, ಅಲ್ಲಿ ಆ ಯಂತ್ರದ ಗುಂಡಿಗೆ ಸಂಕೋಚ ಪಡಬೇಕಿಲ್ಲ. ದೊಡ್ಡ ಗುಂಪಾಗಿ ಹೋದಾಗ ಬಿಲ್ಲಿನಲ್ಲಿಯೇ ಸರ್ವಿಸ್ ಚಾರ್ಜ್ ಎಂದು 18 ಪ್ರತಿಶತ ಸೇರಿಸಿದ್ದರೆ ಗಮನಿಸಿ. ಕೇಂದ್ರ ಕಾನೂನಿನ ಕಣ್ಣಿನಲ್ಲಿ ಅದು ಟಿಪ್ಸ್ ಅಲ್ಲ, ಹೋಟೆಲಿನ ಆದಾಯ. ಅದರಲ್ಲಿ ಸರ್ವರ್‌ಗೆ ಎಷ್ಟು ಹೋಗುತ್ತದೆ ಎಂದು ಮಗನ ಕೈಯಲ್ಲಿ ಮೆಲ್ಲಗೆ ಕೇಳಿಸಿ, ಬಡಿಸಿದವರನ್ನೇ ಕೇಳಿದರೆ ಹೇಳುತ್ತಾರೆ. ಏನೂ ಹೋಗುವುದಿಲ್ಲ ಎಂದರೆ ನಗದಾಗಿ ಸ್ವಲ್ಪ ಅವರ ಕೈಗೇ ಕೊಡಿ. ಕಾರ್ಡಿನಲ್ಲಿ ಕೊಟ್ಟ ಟಿಪ್ಸ್‌ನಿಂದ ಬ್ಯಾಂಕಿನ ಶುಲ್ಕವನ್ನು ಮುರಿದುಕೊಳ್ಳಲೂ ಮಾಲೀಕರಿಗೆ ಕೇಂದ್ರ ಕಾನೂನು ಅವಕಾಶ ಕೊಟ್ಟಿದೆ, ನೋಟಿನಿಂದ ಯಾರೂ ಮುರಿಯಲಾರರು.